ಮೂವತ್ತು ಸೆಕೆಂಡಿನ ಕತ್ತಲು

ತನ್ನ ಬರಹ ಪತ್ರಿಕೆಯಲ್ಲಿ ಬಂದಿರಬಾರದು ಎಂದು ಸುಮಂಗಲಾ ಬೇಡಿಕೊಂಡದ್ದು ಹನ್ನೊಂದು ವರ್ಷಗಳಲ್ಲಿ ಇದೇ ಮೊದಲು. ಭಾನುವಾರ, ಬೆಳಗಿನ ಏಳೂವರೆ. ಉಮರ್ಗಾ ನಾಕಾದ ಚಹಾದಂಗಡಿಯ ಎದುರು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಬೀದರಿನಲ್ಲಿ ಅಚ್ಚಾಗುವ 'ಗಡಿ ಬೆಳಕು' ಬಸವಕಲ್ಯಾಣದ ಬಸ್ಸಿನ ಮೇಲೆ ಬಂದು ಇಲ್ಲಿ ಇಳಿಯಬೇಕು. ಇಡೀ ಊರಿಗೆ ಬರುವುದು ಹನ್ನೆರಡೇ ಪ್ರತಿ. ಅದರ ಆರನೆಯ ಪುಟದಲ್ಲಿ ಅವಳ ಅಂಕಣ: ಗಡಿಯ ಈ ಕಡೆಯ ಮರಾಠಿ ನಾಟಕ, ಸಿನಿಮಾಗಳ ಬಗ್ಗೆ ಆ ಕಡೆಯ ಕನ್ನಡದವರಿಗೆ ಹೇಳುವುದು. ಚಹಾದಂಗಡಿಯವನು ಒಂದು ಪ್ರತಿಯನ್ನು ಅವಳಿಗೆಂದು ತೆಗೆದಿಡುತ್ತಿದ್ದ, ಅವಳು ಸಾವಕಾಶ ತರಿಸಿಕೊಳ್ಳುತ್ತಿದ್ದಳು. ಇವತ್ತು ತಾನೇ ಓಡಿ ಬಂದಿದ್ದಾಳೆ. ಬಸ್ಸು ಎಲ್ಲಾದರೂ ಕೆಟ್ಟು ನಿಂತಿರಲಿ ಎಂದು ಒಂದು ಸಲ ಅನ್ನಿಸಿತು, ಕೂಡಲೇ ಅದರಲ್ಲಿ ಕೂತಿರಬಹುದಾದ ಬಾಣಂತಿಯರ, ಮುದುಕರ ನೆನಪಾಗಿ ನಾಚಿಕೆಯಾಯಿತು. ಬಸ್ಸೇನೂ ಕೆಡಲಿಲ್ಲ. ಕಂಡಕ್ಟರು ಕಟ್ಟನ್ನು ಎಸೆದ. ಅವಳು ಅಲ್ಲೇ ನಿಂತು ಆರನೆಯ ಪುಟ ತೆರೆದಳು. ದಪ್ಪ ಅಕ್ಷರಗಳಲ್ಲಿ ನಾಲ್ಕು ಕಾಲಮ್ಮಿನ ಉದ್ದಕ್ಕೂ ಇತ್ತು: 'ಮೂವತ್ತು ಸೆಕೆಂಡಿನ ಕತ್ತಲು, ಎರಡು ತಾಸಿನ ಆಯಾಸ'. ಸಂಪಾದಕರು ಕಟ್ಟಿದ ಸಾಲಲ್ಲ ಅದು, ಅವಳದೇ. ಆ ಗಳಿಗೆಯಲ್ಲೂ ಸಾಲು ಚೆನ್ನಾಗಿ ಕಾಣುತ್ತಿದೆ ಎಂದು ಒಳಗೊಬ್ಬಳು ಹೇಳಿದಳು. ಆ ಒಳಗಿನವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು.

ಆಯಾಸವಂತೆ! ಯಾರಿಗೆ ಆಗಿತ್ತು ಆಯಾಸ? ಮೊನ್ನೆ ಶುಕ್ರವಾರ ಬೆಳಿಗ್ಗೆ ಆರು ಗಂಟೆಗೇ ಅತ್ತೆ ಪ್ರಯಾಗಬಾಯಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಎಳೆದುಕೊಂಡು, ಬುತ್ತಿಯ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಎಪ್ಪತ್ತಾರು ವರ್ಷದ ಮುದುಕಿ, ಎರಡು ಮೊಣಕಾಲೂ ನೋವು. ಸಿನಿಮಾ ನಡೆಯುತ್ತಿದ್ದದ್ದು ಉದಗೀರದಲ್ಲಿ. ಉಮರ್ಗಾದಿಂದ ನಿಲಂಗಾಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಾಸಾರಶಿರಸಿಯಲ್ಲಿ ಸಂತೆಗೆ ಹೋಗುವವರು ಬುಟ್ಟಿಗಳ ಸಮೇತ ಹತ್ತಿದಾಗ ಪ್ರಯಾಗಬಾಯಿ ಯಾರೂ ಕೇಳದಿದ್ದರೂ, 'ಠಿಪಕ್ಯಾನ ಸಿನೇಮಾ ನೋಡ್ಲಿಕ್ಕಿ ಹೊಂಟೀವಿ' ಎಂದು ಎಲ್ಲರಿಗೂ ಸಾರಿದಳು. ಠಿಪಕ್ಯಾ ಯಾರೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ನಾಲ್ಕು ವರ್ಷ, ದಿನಾ ಸಂಜೆ ಆರಕ್ಕೆ ಟೀವಿಯಲ್ಲಿ ಬಂದ ಕಾರ್ಟೂನು ಕರು ಅದು. ಬಿಳಿ ಮೈ, ಮೇಲೆ ಹೆಸರಿಗೆ ತಕ್ಕ ಕಪ್ಪು ಚುಕ್ಕೆ, ಜೋಲುವ ಉದ್ದ ಕಿವಿ. ದೇವಣಿ ತಳಿಯದು. ಪ್ರಯಾಗಬಾಯಿಯ ತವರು ದೇವಣಿ. ಆರು ಗಂಟೆಗೆ ಮನೆಗೆ ಸ್ವಾಮಿಗಳೇ ಬಂದರೂ ಆರೂವರೆಯವರೆಗೆ ಕೂತಿರಬೇಕಿತ್ತು. ಅದನ್ನು ಚಿತ್ರಿಸಿದ ಧೀರಜ ನಿಲಂಗಾದ ಹುಡುಗ, ಕನ್ನಡ ಮನೆಯವನು. ಈಗ ಅದೇ ಕರುವನ್ನು ದೊಡ್ಡ ಪರದೆಗೆ ತಂದಿದ್ದ.

ಥೇಟರು ತುಂಬಿತ್ತು. ಸುಮಂಗಲಾ ನೋಟುಬುಕ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡವಳು ಮೊದಲ ಹತ್ತು ನಿಮಿಷದಲ್ಲೇ ಅದನ್ನು ಮರೆತಳು. ದೇವಣಿಯ ದನದ ಬಜಾರಿನಲ್ಲಿ ಠಿಪಕ್ಯಾನ ತಾಯಿಯನ್ನು ಮಾರುತ್ತಾರೆ, ಕರು ಅವಳನ್ನು ಹುಡುಕಿಕೊಂಡು ಹೊರಡುತ್ತದೆ, ಕಥೆ ಅಷ್ಟೇ. ಆದರೆ ಆ ಕರು ಡಾಂಬರು ರಸ್ತೆಯನ್ನು ಮೊದಲ ಸಲ ಕಂಡು ನದಿಯೆಂದುಕೊಂಡು ಮೂಸಿ ನೋಡುವುದು, ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸನ್ನು ದೊಡ್ಡ ಎಮ್ಮೆಯೆಂದು ತಿಳಿದು ಅದರ ಹೊಟ್ಟೆಯಡಿ ಹಾಲು ಹುಡುಕುವುದು! ಸುಮಂಗಲಾ ನಕ್ಕಳು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗದೆ ಶಾಲೆಯ ಹುಡುಗಿಯರು ನಗುವಂತೆ ಬಿದ್ದು ಬಿದ್ದು ನಕ್ಕಳು. ಪಕ್ಕದಲ್ಲಿ ಪ್ರಯಾಗಬಾಯಿ ಪರದೆಯೊಂದಿಗೆ ಮಾತಾಡುತ್ತಲೇ ಇದ್ದಳು. 'ಆ ಕಡಿ ಹೋಗಬ್ಯಾಡೋ ಖೋಡಿ, ಲಾರಿ ಬರ್ಲತ್ತದ!' ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದರು. ಕೊನೆಗೆ ಕರು ಊರೂರು ಸುತ್ತಿ, ಸಂಜೆಯ ಮಬ್ಬಿನಲ್ಲಿ, ಯಾರದೋ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿತು. ಆಗ ಪರದೆ ಕಪ್ಪಾಯಿತು.

ಕರೆಂಟು ಹೋಯಿತೆಂದುಕೊಂಡರು. ಹೋಗಿರಲಿಲ್ಲ. ಕತ್ತಲೆಯೊಳಗಿಂದ ಒಂದು ಸದ್ದು ಬರತೊಡಗಿತು. ಹಸುವಿನ ಒರಟು ನಾಲಿಗೆ ಕರುವಿನ ಮೈ ನೆಕ್ಕುವ ಸದ್ದು. ದನ ಕಟ್ಟಿದ ಮನೆಯವರಿಗೆ ಬೇರೆ ಹೇಳಬೇಕೆ? ಸರ್, ಸರ್, ಎಂದು ನಾಲ್ಕೈದು ಸಲ ಬಂದ ಆ ಸದ್ದು ಥಟ್ಟನೆ ನಿಂತಿತು. ಕತ್ತಲೆ ಮಾತ್ರ ಉಳಿಯಿತು. ಗುರುತು ಹತ್ತಿತೋ ಇಲ್ಲವೋ? ಇಷ್ಟು ದಿನಗಳ ಮೇಲೆ ತಾಯಿ ಇದು ತನ್ನದಲ್ಲವೆಂದು ಒದ್ದುಬಿಟ್ಟರೆ? ಮುನ್ನೂರು ಜನ ಉಸಿರು ಹಿಡಿದರು. ಆಗ ಸುಮಂಗಲಾಳ ಕಿವಿಯ ಪಕ್ಕದಲ್ಲೇ ಪ್ರಯಾಗಬಾಯಿ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಟಕ್, ಟಕ್, ಟಕ್ ಎಂದಳು. ತಪ್ಪಿಸಿಕೊಂಡ ಕರುವನ್ನು ಕತ್ತಲಲ್ಲಿ ಕರೆಯುವುದು ಹಾಗೆ. ಮುಂದಿನ ಸಾಲಿನಿಂದ ಯಾರೋ ಗಂಡಸು ಟಕ್ ಟಕ್ ಎಂದ. ಬಾಲ್ಕನಿಯಿಂದ ಇನ್ನೊಬ್ಬರು. ನಾಲ್ಕು ಉಸಿರಿನೊಳಗೆ ಇಡೀ ಥೇಟರು ಕತ್ತಲಲ್ಲಿ ಕೂತು ಒಂದು ಕಾರ್ಟೂನು ಕರುವನ್ನು ಕರೆಯುತ್ತಿತ್ತು. ಆಮೇಲೆ ಸಣ್ಣಗೆ 'ಅಂಬಾ' ಎಂದದ್ದು ಕೇಳಿತು, ಮತ್ತೆ ನಾಲಿಗೆಯ ಸದ್ದು, ಬೆಳಕು. ಸುಮಂಗಲಾ ಅಳುತ್ತಿದ್ದಳು. ತಾನೂ ಟಕ್ ಟಕ್ ಎಂದಿದ್ದೆನೆಂದು ಬಾಯಿ ಒಣಗಿದಾಗಲೇ ಅವಳಿಗೆ ತಿಳಿದದ್ದು.

ಹೀಗಿದ್ದವಳಿಗೆ ಏನಾಯಿತು? ಚಹಾದಂಗಡಿಯಿಂದ ಮನೆಯ ಕಡೆ ನಡೆಯುತ್ತ ಸುಮಂಗಲಾ ಅದನ್ನೇ ಕೇಳಿಕೊಂಡಳು. ಆದದ್ದು ಬಸ್ಸಿನಲ್ಲಿ. ಮರಳುವಾಗ ಕಿಟಕಿಯ ಪಕ್ಕ ಕೂತು ಮೊಬೈಲು ತೆರೆದಿದ್ದಳು. ಮುಂಬೈ, ಪುಣೆಯವರ ವಿಮರ್ಶೆಗಳು ಮಧ್ಯಾಹ್ನಕ್ಕೇ ಬಂದಿದ್ದವು. ಐದರಲ್ಲಿ ಎರಡು ನಕ್ಷತ್ರ, ಒಂದೂವರೆ ನಕ್ಷತ್ರ. ಟೀವಿಯ ಅರ್ಧ ಗಂಟೆಯನ್ನು ಜಗ್ಗಿ ಎರಡು ತಾಸು ಮಾಡಿದ್ದಾರೆ ಎಂದೊಬ್ಬ. ಮುದುಕಿಯ ಪಾತ್ರವೊಂದು ಮಾತು ಮಾತಿಗೂ ಕರುವನ್ನು ಗಿಡ್ಡ ಕಾಲಿನದು, ಕೆಟ್ಟ ಮೋರೆಯದು ಎಂದು ಹೀಯಾಳಿಸುತ್ತದೆ, ಮಕ್ಕಳಿಗೆ ಇದೇನು ಪಾಠ ಎಂದು ಒಬ್ಬಾಕೆ. ಕೊನೆಯ ಕಪ್ಪು ಪರದೆಯ ಬಗ್ಗೆಯಂತೂ ಎಲ್ಲರೂ ಒಂದೇ ಬಾಯಲ್ಲಿ: ತಂತ್ರದ ಹುಚ್ಚು, ನಿರ್ದೇಶಕನ ಹಟ. ಓದುತ್ತ ಓದುತ್ತ ಸುಮಂಗಲಾಳ ಕಣ್ಣೀರು ಒಣಗಿ ಕೆನ್ನೆಯ ಮೇಲೆ ಬಿಗಿಯಿತು. ತಾನು ಅತ್ತದ್ದು ಸಿನಿಮಾ ಚೆನ್ನಾಗಿತ್ತೆಂದೋ, ತಾನು ಸಣ್ಣ ಊರಿನವಳೆಂದೋ? ಹತ್ತು ವರ್ಷದ ಹಿಂದೆ ಸೊಲ್ಲಾಪುರದ ಒಂದು ಗೋಷ್ಠಿಯಲ್ಲಿ ಅವಳು ಒಂದು ನಾಟಕವನ್ನು ಮನಸಾರೆ ಹೊಗಳಿದಾಗ ವೇದಿಕೆಯ ಮೇಲಿದ್ದ ಗಡ್ಡದವನೊಬ್ಬ ನಗುತ್ತ, 'ಇವರಿಗೆ ಎಲ್ಲವೂ ಸೇರುತ್ತದೆ ಬಿಡಿ' ಎಂದಿದ್ದ. ಸಭೆ ನಕ್ಕಿತ್ತು. ಅವಳೂ ನಕ್ಕಿದ್ದಳು. ಆ ನಗು ಇನ್ನೂ ಅವಳ ಬಾಯಲ್ಲಿ ಕಹಿಯಾಗಿ ಉಳಿದಿದೆ.

'ಸುಮಿ, ಭಾಳ ಹೊಗಳಿ ಬರೀಬ್ಯಾಡ ನೋಡು,' ಎಂದಿದ್ದಳು ಪ್ರಯಾಗಬಾಯಿ ಅದೇ ಬಸ್ಸಿನಲ್ಲಿ, ಅವಳ ಮನಸ್ಸು ಓದಿದವಳಂತೆ. 'ಹುಡುಗಂದು ಮೊದಲನೇ ಸಿನೇಮಾ. ದಿಷ್ಟಿ ಆಗ್ತದ. ಒಂದು ಖೋಡ ಹೇಳಿ ಬಿಡು.'

ಅದು ಆ ಮನೆಯ ಪದ್ಧತಿ. ಮನಸ್ಸಿಗೆ ಬಹಳ ಹಿಡಿಸಿದ್ದನ್ನು ಎದುರಿಗೆ ಹೊಗಳಬಾರದು, ಒಂದು ಖೋಡ, ಒಂದು ಕುಂದು, ಗಟ್ಟಿಯಾಗಿ ಹೇಳಬೇಕು. ದೇವಣಿಯ ಬಜಾರಿನಲ್ಲಿ ಯಾರಾದರೂ ಹೋರಿಯನ್ನು ಸುತ್ತು ಹಾಕಿ ನೋಡಿ, 'ಕಾಲು ಗಿಡ್ಡ ಅದ' ಎಂದು ಮುಖ ಕಿವುಚಿದರೆ, ಆ ಹೋರಿಯ ಮೇಲೆ ಅವನ ಮನಸ್ಸು ಹೋಗಿದೆ ಎಂದೇ ಅರ್ಥ. ಭಾಲ್ಕಿಯ ಹುಡುಗಿ ಸುಮಂಗಲಾಳಿಗೆ ಇದು ಗೊತ್ತಿರಲಿಲ್ಲ. ಮದುವೆಯಾಗಿ ಬಂದು ಸೇರು ಒದ್ದು ಒಳಗೆ ಕಾಲಿಟ್ಟಾಗ ಪ್ರಯಾಗಬಾಯಿ ಅವಳ ಗದ್ದ ಎತ್ತಿ, ಎಲ್ಲರಿಗೂ ಕೇಳುವಂತೆ, 'ಮೂಗು ದಪ್ಪ ಅದ' ಎಂದಿದ್ದಳು. ಸುಮಂಗಲಾ ಹಿತ್ತಲಿಗೆ ಹೋಗಿ ಅತ್ತು, ತಿಂಗಳುಗಟ್ಟಲೆ ಕನ್ನಡಿಯಲ್ಲಿ ಮೂಗು ನೋಡಿಕೊಂಡಿದ್ದಳು. ಮಗಳು ಮೀನಲ ಹುಟ್ಟಿದಾಗ ಅದೇ ಮುದುಕಿ ಕಣ್ಣು ತುಂಬಿಕೊಂಡು, 'ಸುಡ್ಲಿ, ಏನ್ ಕಪ್ಪಿ ಹಡದಿ' ಎಂದು ಕೂಸನ್ನು ಎದೆಗೆ ಒತ್ತಿಕೊಂಡ ದಿನವೇ ಅವಳಿಗೆ ತನ್ನ ಮೂಗಿನ ಅರ್ಥವಾದದ್ದು. ಠಿಪಕ್ಯಾನನ್ನು ಬೈಯುವ ಕಾರ್ಟೂನಿನ ಮುದುಕಿಯೂ ಮಾಡುತ್ತಿದ್ದದ್ದು ಅದನ್ನೇ. ಒಂದೂವರೆ ನಕ್ಷತ್ರ ಕೊಟ್ಟವರಿಗೆ ಅದು ಹೇಗೆ ಗೊತ್ತಾಗಬೇಕು? ಸುಮಂಗಲಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಅದನ್ನು ಬರೆಯಲಿಲ್ಲ.

ಶನಿವಾರ ಬೆಳಿಗ್ಗೆ ಸಂಪಾದಕ ಜಗದೇವಪ್ಪನವರು ಬೀದರಿನಿಂದ ಫೋನು ಮಾಡಿದ್ದರು. 'ಮೇಡಂ, ಆ ಕರೂನ ಸಿನೇಮಾಕ್ಕ ಎಲ್ಲಾರೂ ಬೈಲತ್ತಾರಂತಲ್ರೀ. ನೀವ್ ಏನ್ ಬರೀತೀರಿ?' ಅವಳು 'ನಂಗೂ ಹಂಗೇ ಅನಿಸ್ತು ಸರ್' ಎಂದಿದ್ದಳು. ಅಷ್ಟೇ. ಅಲ್ಲಿಂದ ಮುಂದೆ ಪೆನ್ನು ತಾನೇ ಓಡಿತು. ಮಧ್ಯಾಹ್ನದ ಬಿಡುವಿನಲ್ಲಿ, ತಾನು ಕಲಿಸುವ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು, ಅತ್ತೆ ಹೇಳಿದಂತೆ ಒಂದು ಖೋಡವನ್ನಷ್ಟೇ ಬರೆಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಖೋಡವನ್ನೇ ಬರೆದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಾಡಿಗೆಯ ಬೊಟ್ಟು ಇಡಬೇಕಾದವಳು ಕೂಸಿನ ಮೋರೆಗೆಲ್ಲ ಮಸಿ ಬಳಿದಳು. ಶೀರ್ಷಿಕೆ ಹೊಳೆದಾಗ ಎದೆ ಹಿಗ್ಗಿ ಎದ್ದು ಎರಡು ಸುತ್ತು ನಡೆದದ್ದೂ ನೆನಪಿದೆ.

ಮನೆಯಲ್ಲಿ ಪ್ರಯಾಗಬಾಯಿ ಪೂಜೆ ಮುಗಿಸಿ ಕಾಯುತ್ತಿದ್ದಳು. ಇವತ್ತು ಅವಳಿಗೆ ಎರಡು ಹಬ್ಬ. ಒಂದು, ಸೊಸೆ ಬರೆದದ್ದು ಬಂದಿದೆ. ಇನ್ನೊಂದು, ಹನ್ನೊಂದು ಗಂಟೆಗೆ ಸುಮಂಗಲಾಳ ಕನ್ನಡ ಶಾಲೆಯಲ್ಲಿ ಧೀರಜನಿಗೆ ಸತ್ಕಾರ. ಹದಿನೈದು ದಿನದ ಹಿಂದೆ ಆ ಸತ್ಕಾರವನ್ನು ಸೂಚಿಸಿದವಳು ಸುಮಂಗಲಾಳೇ, ಪರಿಚಯದ ಭಾಷಣವೂ ಅವಳದೇ. 'ಓದು, ಓದು,' ಎಂದು ಮುದುಕಿ ಗೋಡೆಗೆ ಒರಗಿ ಕಾಲು ಚಾಚಿದಳು. ಅವಳಿಗೆ ಮರಾಠಿ ಅಕ್ಷರ ಬರುತ್ತದೆ, ಕನ್ನಡ ಮಾತು ಮಾತ್ರ. ಸುಮಂಗಲಾ ಪತ್ರಿಕೆ ಬಿಡಿಸಿದಳು. ಕಣ್ಣು ಆ ದಪ್ಪ ಅಕ್ಷರಗಳ ಮೇಲೆಯೇ ಇದ್ದವು, ಬಾಯಿ ಬೇರೆಯೇ ಓದತೊಡಗಿತು. ಡಾಂಬರು ರಸ್ತೆಯನ್ನು ಮೂಸುವ ಕರುವಿನ ಬಗ್ಗೆ, ಬೈಯುತ್ತಲೇ ಪ್ರೀತಿಸುವ ಮುದುಕಿಯ ಬಗ್ಗೆ, ಕತ್ತಲಲ್ಲಿ ಕೇಳಿದ ನಾಲಿಗೆಯ ಬಗ್ಗೆ. ಅಚ್ಚಾಗದ ಸಾಲುಗಳು ತಡವರಿಸದೆ ಒಂದರ ಹಿಂದೆ ಒಂದು ಬಂದವು. ಇಷ್ಟು ಚೆನ್ನಾಗಿ ಅವಳು ಎಂದೂ ಬರೆದಿರಲಿಲ್ಲ.

'ಖೋಡ ಇಟ್ಟೀಯಿಲ್ಲ?' ಎಂದಳು ಪ್ರಯಾಗಬಾಯಿ, ಕಣ್ಣು ಒರೆಸಿಕೊಳ್ಳುತ್ತ.

'ಇಟ್ಟೀನ್ರೀ ಅತ್ತಿ. ಕತ್ತಲಿ ಭಾಳ ಆಯ್ತು ಅಂತ ಬರ್ದೀನಿ.'

'ಶಾಣೇಕಿ,' ಎಂದು ಮುದುಕಿ ಪತ್ರಿಕೆಯನ್ನು ಕಸಿದು, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು.

ಶಾಲೆಯ ಅಂಗಳದಲ್ಲಿ ರಂಗೋಲಿ, ಬಾಗಿಲಿಗೆ ಮಾವಿನೆಲೆ. ಮಕ್ಕಳು ಭಾನುವಾರವೆಂಬುದನ್ನೂ ಮರೆತು ಒಂಬತ್ತಕ್ಕೇ ಬಂದು, ರಟ್ಟಿನಲ್ಲಿ ಕತ್ತರಿಸಿದ ಉದ್ದ ಕಿವಿಗಳನ್ನು ತಲೆಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ಹೆಡ್‌ಮಾಸ್ತರ ವಿಶ್ವನಾಥಪ್ಪನವರು ಮೈಕಿನಲ್ಲಿ ಹಲೋ ಹಲೋ ಎಂದೇ ಅರ್ಧ ಗಂಟೆ ಕಳೆದಿದ್ದರು. ಸುಮಂಗಲಾ ಬಾಗಿಲಿಗೂ ಗೇಟಿಗೂ ನಡುವೆ ಸುತ್ತುತ್ತಿದ್ದಳು. ಹೆದರಿಕೆಯ ನಡುವೆಯೂ ಸಂಭ್ರಮ ತಡೆಯಲಾಗುತ್ತಿಲ್ಲವಲ್ಲ, ಎಂಥ ನಾಚಿಕೆಗೇಡು! ಠಿಪಕ್ಯಾನನ್ನು ಬರೆದ ಕೈಯನ್ನು ಇವತ್ತು ನೋಡುತ್ತೇನೆ ಎಂದು ಮನಸ್ಸು ಕುಣಿಯುತ್ತಿತ್ತು. ಅಂವಾ ಓದಿರಲಾರ. ಓದಿದ್ದರೆ ಬರಲಾರ. ಬಂದರೆ ಓದಿಲ್ಲ ಎಂದೇ ಅರ್ಥ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ನಿಲಂಗಾದ ಕಡೆಯಿಂದ ಮೋಟಾರ್ ಸೈಕಲ್ಲು ಬಂದು ನಿಂತಿತು. ಮೂವತ್ತೆರಡು ವರ್ಷದ, ಎಣ್ಣೆಗಪ್ಪಿನ, ಸಣಕಲು ಮನುಷ್ಯ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮಕ್ಕಳು ಮುತ್ತಿದಾಗ ನಕ್ಕ, ಅವರ ರಟ್ಟಿನ ಕಿವಿ ಸರಿ ಮಾಡಿದ. ಸುಮಂಗಲಾಳನ್ನು ಹೆಡ್‌ಮಾಸ್ತರರು ಪರಿಚಯಿಸಿದಾಗ ಆ ನಗು ಮುಖದಲ್ಲಿ ಹಾಗೇ ಉಳಿಯಿತು, ಕಣ್ಣು ಮಾತ್ರ ಬೇರೆ ಕಡೆ ಹೋದವು. ಓದಿದ್ದಾನೆ. ಓದಿಯೂ ಬಂದಿದ್ದಾನೆ.

'ಮುಂಜಾನೆ ಗೆಳ್ಯಾ ಮೊಬೈಲ್‌ಗಿ ಕಳಿಸಿದ್ದ ಮೇಡಂ,' ಎಂದ ಅವನು ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತು ಚಹಾದ ಕಪ್ಪನ್ನು ನೋಡುತ್ತ. 'ಮಂದಿ ಬೈದ್ರು, ಬೈಲಿ. ಖರೇ ಹೇಳ್ಬೇಕಂದ್ರ, ಕನ್ನಡದಾಗ ಒಂದು ಬರ್ತದ, ನಮ್ಮ ಕಡಿ ಮಂದೀದು ಬರ್ತದ ಅಂತ ಕಾಯ್ಲತ್ತಿದ್ದೆ.'

ಅಷ್ಟರಲ್ಲಿ ಪ್ರಯಾಗಬಾಯಿ ಕುಂಟುತ್ತ ಒಳಗೆ ಬಂದಳು, ಕಂಕುಳಿನಿಂದ ಪತ್ರಿಕೆ ತೆಗೆದು ಅವನ ಎದೆಗೇ ಒತ್ತಿದಳು. 'ತಮ್ಮಾ, ನಮ್ಮ ಸೊಸಿ ಬರದಾಳ ನೋಡು. ಖೋಡ ತೆಗದಾಳಂತ ಬ್ಯಾಸರ ಮಾಡ್ಕೋಬ್ಯಾಡ. ನಾನೇ ಹೇಳೀನಿ. ನಿನ್ನ ಕೂಸಿಗಿ ದಿಷ್ಟಿ ಆಗಬಾರ್ದಂತ.'

ಧೀರಜ ಮುದುಕಿಯನ್ನು ನೋಡಿದ, ಪತ್ರಿಕೆಯನ್ನು ನೋಡಿದ. ನಿಧಾನಕ್ಕೆ ಅವನ ಮುಖ ತಿಳಿಯಾಗುತ್ತ ಬಂತು. 'ದಿಷ್ಟಿಗೇನು ಆಯಿ? ನಮ್ಮಜ್ಜಿನೂ ಹಂಗೇ ಮಾಡ್ತಿದ್ಳು. ಆಕೀನೇ ಸಿನೇಮಾದಾಗ ಇಟ್ಟೀನಿ ನಾ.' ಸುಮಂಗಲಾಳ ಕಡೆ ತಿರುಗಿದ. 'ಹೌದೇನ್ರೀ ಮೇಡಂ? ಅದಕ್ಕೇ ಬರದ್ರೇನು?'

ಇಷ್ಟು ಸುಲಭವೆ? ಒಂದು ಹೂಂ ಎಂದರೆ ಸಾಕು, ಮಸಿಯೆಲ್ಲ ಕಾಡಿಗೆಯಾಗುತ್ತದೆ. ಸುಮಂಗಲಾ ಹೂಂ ಎಂದಳು. ಅವನು ಎದ್ದು ಕೈ ಮುಗಿದ. ಆ ಕೈಗಳನ್ನು, ಠಿಪಕ್ಯಾನನ್ನು ಬರೆದ ಆ ಸಣ್ಣ ಬೆರಳುಗಳನ್ನು ಅವಳು ನೋಡಲಾರದೆ ಕಿಟಕಿಯ ಕಡೆ ನೋಡಿದಳು.

ಪರಿಚಯದ ಭಾಷಣ ಏನು ಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಚಪ್ಪಾಳೆ ಬಿತ್ತು. ಧೀರಜನಿಗೆ ಶಾಲು ಹೊದಿಸಿದರು, ಟೋಪಿ ತೊಡಿಸಿದರು, ತೆಂಗಿನಕಾಯಿ ಕೊಟ್ಟರು. ಅವನು ಮೈಕಿನ ಮುಂದೆ ನಿಂತು ಮಕ್ಕಳನ್ನು ಚೆನ್ನಾಗಿ ನಗಿಸಿದ. ಉಮರ್ಗಾದ ಮೇಡಂ ತನ್ನ ಕರುವಿಗೆ ದಿಷ್ಟಿಯ ಬೊಟ್ಟು ಇಟ್ಟಿದ್ದಾರೆಂದು ಹೇಳಿದಾಗ ಮುಂದಿನ ಸಾಲಿನಲ್ಲಿ ಪ್ರಯಾಗಬಾಯಿ ಅಕ್ಕಪಕ್ಕದವರನ್ನು ತಿವಿದಳು. ಆಮೇಲೆ ಅವನ ದನಿ ಇಳಿಯಿತು. 'ಒಂದು ಮಾತು ಹೇಳ್ತೀನ್ರಿ. ಆ ಮೂವತ್ತು ಸೆಕೆಂಡಿನ ಕತ್ತಲಿ ನಾಳಿಂದ ತೆಗೀಲತ್ತೀವಿ. ಪುಣೇದಾಗ ಮೊದಲನೇ ಆಟಕ್ಕ ನಾ ಹಿಂದ ಕೂತಿದ್ದೆ. ಮಂದೀನೇ ಹದಿನಾಲ್ಕು. ಪರದಿ ಕಪ್ಪಾದ ಕೂಡ್ಲೇ ಎಲ್ಲಾರೂ ಮೊಬೈಲ್ ತೆಗದ್ರು. ಕತ್ತಲೀನೇ ಉಳೀಲಿಲ್ಲ. ಅವರದೇನ್ ತಪ್ಪಿಲ್ಲ. ಮೇಡಂ ದಿಷ್ಟಿಗಿ ಬರದಾರ, ಖರೇ. ಆದ್ರ ಇಷ್ಟು ಮಂದಿ ಖೋಡ ಅದೊಂದೇ ಜಾಗಾದಾಗ ಕಾಣ್ಲತ್ತದಂದ್ರ, ಅಲ್ಲಿ ಏನೋ ಕೆಟ್ಟದ. ಒಂದು ವರ್ಷ ಮಾಡೀನಿ ಅದು. ಹೋಗ್ಲಿ.'

'ಹೋಗ್ಲಿ' ಎಂದು ಅವನು ನಕ್ಕ ರೀತಿಯನ್ನು ಸುಮಂಗಲಾ ಗುರುತಿಸಿದಳು. ಸೊಲ್ಲಾಪುರದ ವೇದಿಕೆಯ ಮುಂದೆ ತಾನು ನಕ್ಕದ್ದು ಹಾಗೆಯೇ. ನಾಳೆಯಿಂದ ಉದಗೀರದಲ್ಲಿ ಕರು ಬಾಗಿಲಿಗೆ ಬಂದು ನಿಲ್ಲುತ್ತದೆ, ಕೂಡಲೇ ಬೆಳಕಿನಲ್ಲಿ ತಾಯಿ ಸಿಗುತ್ತಾಳೆ, ಯಾರೂ ಅದನ್ನು ಕರೆಯಬೇಕಾಗುವುದಿಲ್ಲ. ಹೂಂ ಎಂದದ್ದು ಅವಳನ್ನು ಉಳಿಸಿತ್ತು, ಕತ್ತಲೆಯನ್ನು ಉಳಿಸಲಿಲ್ಲ. ವಿಶ್ವನಾಥಪ್ಪನವರು ವಂದನಾರ್ಪಣೆಗೆಂದು ಏಳುತ್ತಿದ್ದರು. ಅವರಿಗಿಂತ ಮೊದಲು ತಾನು ಎದ್ದಿದ್ದೇನೆಂದು, ಮೈಕು ತನ್ನ ಕೈಯಲ್ಲಿದೆಯೆಂದು ಅವಳಿಗೆ ಆಮೇಲೆ ತಿಳಿಯಿತು.

'ತೆಗೀಬ್ಯಾಡ್ರಿ,' ಎಂದಳು. ಸಭೆ ಅವಳತ್ತ ನೋಡಿತು. 'ನಾ ಬರದದ್ದು ದಿಷ್ಟಿಗಲ್ಲ. ನಮ್ಮ ಅತ್ತಿ ಹೇಳಿದ್ರು, ಖರೇ. ನಾ ಅದರ ಆಸರಾ ತಗೊಂಡೆ, ಅಷ್ಟೇ. ಬಸ್ಸಿನಾಗ ಕೂತು ದೊಡ್ಡವರು ಬರದದ್ದು ಓದಿದೆ. ಅಂಜಿದೆ. ಇಷ್ಟು ಛಲೋ ಅನಿಸ್ತು ಅಂತ ಬರದ್ರ ನನ್ನ ಹಳ್ಳಿಯಾಕಿ ಅಂತಾರ ಅಂತ ಅಂಜಿ, ಅವರು ಬರದದ್ದೇ ಬರದೆ. ಮನಿಯಾಗ ಅತ್ತಿಗಿನೂ ಬ್ಯಾರೇನೇ ಓದಿ ತೋರಿಸ್ದೆ. ಇದರಾಗ ಒಂದು ಅಕ್ಷರಾನೂ ಹೊಗಳಿಕಿ ಇಲ್ಲ.'

ಹೆಡ್‌ಮಾಸ್ತರರು ಕುರ್ಚಿಯ ಹಿಡಿಕೆ ಹಿಡಿದು ಅರ್ಧ ಎದ್ದವರು ಹಾಗೇ ನಿಂತರು. ಪಾಲಕರಲ್ಲಿ ಗುಸುಗುಸು ಎದ್ದಿತು. ಪ್ರಯಾಗಬಾಯಿಯ ಮುಖವನ್ನು ನೋಡುವ ಧೈರ್ಯ ಸುಮಂಗಲಾಳಿಗೆ ಆಗಲಿಲ್ಲ. ಧೀರಜ ತೆಂಗಿನಕಾಯಿಯನ್ನು ಮೇಜಿನ ಮೇಲೆ ಇಟ್ಟ.

'ಹಂಗಾದ್ರ ನಿಮ್ಮ ಮಾತು ನಾ ಹ್ಯಾಂಗ್ ನಂಬ್ಲಿ ಮೇಡಂ?' ಎಂದ. ಸಿಟ್ಟಿರಲಿಲ್ಲ, ದಣಿದಿದ್ದ. 'ನಿನ್ನೆ ಒಂದು ಬರದ್ರಿ. ಆಗ ಒಳಗ ಒಂದು ಅಂದ್ರಿ. ಈಗ ಇನ್ನೊಂದು ಹೇಳ್ಲತ್ತೀರಿ.'

ನಿಜವೇ. ಅವಳ ಮಾತಿಗೆ ಇನ್ನು ಯಾವ ಬೆಲೆ? ಆದರೆ ಹೇಳಬೇಕಾದದ್ದು ಅವಳ ಮಾತೇ ಅಲ್ಲವಲ್ಲ! ಅದು ಹೊಳೆದ ಕೂಡಲೇ ಅವಳು ಅವನ ಕಡೆ ತಿರುಗಿದಳು. 'ನನ್ನ ನಂಬಬ್ಯಾಡ್ರಿ. ನೀವ್ ಪುಣೇದಾಗ ನೋಡೀರಿ, ಉದಗೀರದಾಗ ನೋಡಿಲ್ಲ. ಅಲ್ಲಿ ಮುನ್ನೂರು ಮಂದಿ ಇದ್ರು. ನಿಮ್ಮ ಕತ್ತಲ್ಯಾಗ ನೆಕ್ಕಾ ಸಪ್ಪಳಾ ನಿಂತಾಗ ಒಬ್ಬರೂ ಮೊಬೈಲ್ ತೆಗೀಲಿಲ್ಲ. ಏನ್ ಮಾಡಿದ್ರು ಗೊತ್ತದೇನು?' ಅವಳು ಮೈಕನ್ನು ಬಾಯಿಯ ಹತ್ತಿರ ಹಿಡಿದು ನಾಲಿಗೆಯನ್ನು ಅಂಗುಳಿಗೆ ಹಚ್ಚಿದಳು. ಟಕ್, ಟಕ್, ಟಕ್.

ಧೀರಜ ತಲೆ ಎತ್ತಿದ. ಅವನಿಗೆ ಒಮ್ಮೆಲೇ ತಿಳಿಯಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ, ಹಲ್ಲಿಲ್ಲದ ಬಾಯಿಯಿಂದ, ದೇವಣಿಯ ಕೊಟ್ಟಿಗೆಗಳಲ್ಲಿ ಪಳಗಿದ ನಾಲಿಗೆಯಿಂದ, ಅದೇ ಸದ್ದು ಅವಳದಕ್ಕಿಂತ ಎರಡು ಪಟ್ಟು ಗಟ್ಟಿಯಾಗಿ ಬಂತು. ಹಿಂದೆ ನಿಂತಿದ್ದ ಒಬ್ಬ ರೈತ ಸೇರಿಕೊಂಡ. ಅವನೂ ಉದಗೀರಕ್ಕೆ ಹೋಗಿ ಬಂದಿದ್ದಿರಬೇಕು. ಮಕ್ಕಳಿಗೆ ಹೇಳಿಕೊಡಬೇಕಾಗಲಿಲ್ಲ. ರಟ್ಟಿನ ಕಿವಿಗಳು ಅಲುಗಾಡುತ್ತ ಇಡೀ ಸಭಾಗೃಹ ಟಕ್ ಟಕ್ ಎಂದು ತುಂಬಿಹೋಯಿತು. ಧೀರಜ ಕಣ್ಣು ಮುಚ್ಚಿದ. ಹೊದಿಸಿದ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಮುಚ್ಚಿಯೇ ನಿಂತಿದ್ದ, ತಾನು ಮಾಡಿದ ಕತ್ತಲೆಯನ್ನು ಮೊದಲ ಸಲ ಕೇಳುತ್ತ. ಮೂವತ್ತು ಸೆಕೆಂಡಿಗಿಂತ ಎಷ್ಟೋ ಹೆಚ್ಚಾಯಿತು. ಆಮೇಲೆ ಕಿಸೆಯಿಂದ ಮೊಬೈಲು ತೆಗೆದು, ಎರಡು ಸಲ ತಪ್ಪು ಒತ್ತಿ, ಆ ಗದ್ದಲದಲ್ಲೇ ಯಾರಿಗೋ ಕೂಗಿ ಹೇಳಿದ: 'ಮುಟ್ಟಬ್ಯಾಡ್ರೋ. ಏನೂ ತೆಗೀಬ್ಯಾಡ್ರಿ. ಇದ್ದದ್ದು ಹಂಗೇ ಇರ್ಲಿ.'

ಸುಮಂಗಲಾ ವೇದಿಕೆಯ ಮೂರು ಮೆಟ್ಟಿಲು ಇಳಿದಳು. ಯಾರೋ ಅವಳನ್ನು ನೋಡಿ ನಕ್ಕರು, ಯಾರೋ ಮುಖ ತಿರುಗಿಸಿದರು. ಜಗದೇವಪ್ಪನವರಿಗೆ ಇವತ್ತೇ ಫೋನು ಮಾಡಬೇಕು, ಇನ್ನೊಂದು ಬರೆಯುತ್ತೇನೆ ಎನ್ನಬೇಕು, ಅವರು ಅಂಕಣವನ್ನೇ ಬೇರೆಯವರಿಗೆ ಕೊಟ್ಟರೂ ಕೊಡಬಹುದು. ಎದುರಿಗೆ ಪ್ರಯಾಗಬಾಯಿ ಎದ್ದು ನಿಂತಿದ್ದಳು. ಸುಳ್ಳು ಓದಿ ತೋರಿಸಿದವಳನ್ನು ಈ ಮುದುಕಿ ಸುಮ್ಮನೆ ಬಿಡುವವಳಲ್ಲ. ಸುಮಂಗಲಾ ತಲೆ ತಗ್ಗಿಸಿ ಅವಳ ಮುಂದೆ ನಿಂತಳು. ಪ್ರಯಾಗಬಾಯಿ ಒರಟು ಬೆರಳುಗಳಿಂದ ಅವಳ ಗದ್ದ ಹಿಡಿದು ಮೇಲೆತ್ತಿದಳು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಮುದುಕಿಯ ಕಣ್ಣು ತುಂಬಿದ್ದವು.

'ಸುಡ್ಲಿ,' ಎಂದಳು, ಇಡೀ ಸಭೆಗೆ ಕೇಳುವಂತೆ, ಮುಖ ಕಿವುಚಿ. 'ಮೂಗು ದಪ್ಪ ಅದ.'